ಎಮ್ಮೆಗೆ ಹಾಕಿದ ಬರೆ

ಪೋರ್ಟ್ ಆಗಸ್ಟಾ ದಾಟಿ ಇಪ್ಪತ್ತು ಕಿಲೋಮೀಟರ್,
ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಪುಟ್ಟ ಚಿತ್ರ
ಕೆಂಪಗೆ ಕಣ್ಣು ಬಿಟ್ಟಿತು.
ರೇಡಿಯೋ ಆರಿಸಿದೆ. ಫ್ಯಾನು ಆರಿಸಿದೆ.
ಫೋನಿನ ಚಾರ್ಜರ್ ಕಿತ್ತೆ.
ಉಳಿದದ್ದು ಹೆಡ್‌ಲೈಟು,
ಅದೂ ವೈಯಾಲಾ ಮುಟ್ಟುವಾಗ
ತೆಳ್ಳಗೆ ಕದಡಿದ ಅರಿಸಿನದ ನೀರು.

"ಬ್ಯಾಟರಿ ಹೋಗಿದೆ, ಹೊಸದು ಹಾಕಿಸು"
ಎಂದರು ನಮ್ಮವರು,
ಮುನ್ನೂರು ಕಿಲೋಮೀಟರ್ ಆಚೆ ಗಣಿಯ ಕ್ಯಾಂಪಿನಿಂದ
ಫೋನಿನಲ್ಲೇ ನಾಡಿ ಹಿಡಿದು.
ಇನ್ನೂರ ಹತ್ತು ಡಾಲರ್.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಎಮ್ಮೆ ಪಾಪ ಮೂರು ದಿನ ನಡೆಯಿತು.
ನಾಲ್ಕನೆಯ ದಿನ, ಬೆಳಗಿನ ಜಾವ ಎರಡೂವರೆ,
ಕೀಲಿ ತಿರುವಿದರೆ
ಟಕ್. ಟಕ್ ಟಕ್ ಟಕ್.
ಬೇಕರಿಗೆ ನಡೆದೇ ಹೋದೆ.
ಅಂದು ಊರಿನ ಬನ್ನು ತಡವಾಗಿ ಉಬ್ಬಿತು.

ಪಕ್ಕದ ಮನೆಯ ನೊರೀನ್,
ಉಕ್ಕಿನ ಕಾರ್ಖಾನೆಯ ಫಿಟ್ಟರನ ಜೊತೆ
ಐವತ್ತೊಂದು ವರ್ಷ ಬಾಳಿದವಳು,
ಬಿಸ್ಕತ್ತಿನ ಡಬ್ಬದಲ್ಲಿ ಮಲ್ಟಿಮೀಟರ್ ತಂದಳು.
"ಅಳೆಯದೆ ಕೊಳ್ಳಬಾರದು ಅನ್ನುತ್ತಿದ್ದ ಕೀತ್,
ಪರದೆ ಬಟ್ಟೆಗೂ ಅದೇ ಮಾತು."
ಹಿಂದಿನ ರಾತ್ರಿಯಿಡೀ ಚಾರ್ಜರಿಗೆ ಹಾಕಿದ್ದೆ.
ಕೆಂಪು ಕಡ್ಡಿ ಕೆಂಪಿಗೆ, ಕಪ್ಪು ಕಪ್ಪಿಗೆ:
ಎಂಜಿನ್ ಮಲಗಿದ್ದಾಗ ಹನ್ನೆರಡು ಪಾಯಿಂಟ್ ಆರು.
ಎದ್ದಾಗ ಹದಿನಾಲ್ಕಕ್ಕೆ ಏರಬೇಕು.
ಹನ್ನೆರಡು ಪಾಯಿಂಟ್ ಒಂದು.
ಹನ್ನೆರಡು.
ಹನ್ನೊಂದು ಪಾಯಿಂಟ್ ಒಂಬತ್ತು.
ಉಣ್ಣದೆ ಬಡಿಸುತ್ತಲೇ ಇದ್ದವಳು ಬ್ಯಾಟರಿ;
ಅಡುಗೆಯ ಮನೆಯೇ ಬಾಗಿಲು ಹಾಕಿತ್ತು.

ಗುಜರಿಯಲ್ಲಿ ನೂರಿಪ್ಪತ್ತಕ್ಕೆ ಆಲ್ಟರ್ನೇಟರ್ ಸಿಕ್ಕಿತು,
ಮೂತಿ ಜಜ್ಜಿದ ಇನ್ನೊಂದು ಕ್ಯಾಮ್ರಿಯ ಎದೆಯಿಂದ.
ಮೊದಲು ನೆಗೆಟಿವ್ ಬಿಚ್ಚು, ಎಂದಳು ನೊರೀನ್,
ಮಡಚುವ ಕುರ್ಚಿಯಲ್ಲಿ ಕೂತು ಟಾರ್ಚು ಹಿಡಿದು.
ನೀರಿನ ಬಿಲ್ಲಿನ ಲಕೋಟೆಯ ಬೆನ್ನಿಗೆ
ಬೆಲ್ಟಿನ ದಾರಿ ಬರೆದುಕೊಂಡೆ:
ಎಳೆ ರಂಗೋಲಿ,
ಒಂದು ಚುಕ್ಕಿ ಬಳಸಲು ಮರೆತರೆ
ತುದಿಗೆ ತುದಿ ಕೂಡುವುದಿಲ್ಲ.

ಮೇಲಿನ ಬೋಲ್ಟು ಸಲೀಸು.
ಕೆಳಗಿನದು ಈ ಊರಿನ ಕೆಂಪು ಧೂಳು ಕುಡಿದು
ಕಲ್ಲಾಗಿತ್ತು. ಬೈದೆ, ಶುದ್ಧ ಗದಗಿನ ಬೈಗುಳ.
ಸ್ಪ್ಯಾನರ್ ಜಾರಿ ಗೆಣ್ಣಿನ ಸಿಪ್ಪೆ ಸುಲಿಯಿತು.
"ಶಕ್ತಿ ಅಲ್ಲ ಸೂ, ಉದ್ದ" ಎಂದು
ಒಂದು ತುಂಡು ಪೈಪು ಕೊಟ್ಟಳು.
ಸ್ಪ್ಯಾನರಿನ ಬಾಲಕ್ಕೆ ತೊಡಿಸಿ ತೂಗಿದೆ,
ಕಿರ್ರೆಂದು
ಸಡಿಲಿತು.

ಹಳೆಯದು ಕೈಗೆ ಬಂತು, ಕುಂಬಳಕಾಯಿಯ ಭಾರ.
ತಿರುಗಿಸಿದರೆ ಒಳಗೆ ಮರಳು ಅರೆಯುವ ಸದ್ದು.
ಕುತೂಹಲಕ್ಕೆ ಬಿಚ್ಚಿದೆ:
ಇದ್ದಿಲಿನ ಎರಡು ಬ್ರಷ್ಷು
ಸವೆದು ಸವೆದು ಹಲ್ಲುಪುಡಿ.
ಎಷ್ಟು ಸಾವಿರ ಮೈಲಿ ಉಜ್ಜಿಕೊಂಡವೋ,
ನಾನೋ ಹಾಡಿನ ದನಿ ಏರಿಸುತ್ತಾ ಕೂತಿದ್ದೆ.

ಹೊಸದನ್ನು ಕೂರಿಸಿ, ರಂಗೋಲಿ ಸುತ್ತಿ,
ನೆಗೆಟಿವ್ ಕೊನೆಗೆ ಬಿಗಿದು
ಕೀಲಿ ತಿರುವಿದೆ.
ಹದಿನಾಲ್ಕು ಪಾಯಿಂಟ್ ಎರಡು.
ಕೆಂಪು ಕಣ್ಣು ಮುಚ್ಚಿತು.
"ಆರಿಸಿ ಇನ್ನೊಮ್ಮೆ ಹಚ್ಚು" ಎಂದಳು ನೊರೀನ್.
ಪರೀಕ್ಷೆಗೆ ಅಂದುಕೊಂಡೆ. ಮೂರನೇ ಸಲವೂ ಕೇಳಿದಳು.

ಸ್ಪ್ಯಾನರ್ ಒರೆಸಿ ಅವಳ ಶೆಡ್ಡಿಗೆ ಒಯ್ದೆ.
ಗೋಡೆಯ ಹಲಗೆಯ ಮೇಲೆ
ಒಂದೊಂದು ಹತಾರಕ್ಕೂ ಕೀತ್ ಬಿಳಿ ಬಣ್ಣದಲ್ಲಿ
ನೆರಳು ಬರೆದಿಟ್ಟಿದ್ದಾನೆ.
ಎಲ್ಲವೂ ತಂತಮ್ಮ ನೆರಳಿನ ಮೇಲೆ,
ಹದಿನಾಲ್ಕನೆಯ ನಂಬರಿನದು ಮಾತ್ರ ಬರಿದು.
ತೂಗುಹಾಕಲು ಕೈ ಎತ್ತಿದೆ.
"ಒಂದು ವಾರ ಇಟ್ಟುಕೊ" ಎಂದಳು,
"ಹೀಗಿದ್ದರೆ ಅವನು ಎಲ್ಲೋ
ಯಾರದೋ ಕಾರಿನ ಕೆಳಗೆ ಮಲಗಿರುವ ಹಾಗಿರುತ್ತೆ."

ಈಗ ಎರಡೂವರೆ.
ಉಗುರಿನ ಸಂದಿನ ಗ್ರೀಸು ಹೋಗಿಲ್ಲ,
ಕೈಗವಸು ಹಾಕಿಯೇ ಹಿಟ್ಟು ನಾದಬೇಕು.
ಕಾರು ತಿರುವಿನಲ್ಲಿ ಹೊರಳಿದಾಗ
ಪಕ್ಕದ ಸೀಟಿನ ಮೇಲೆ
ಅದು ಸ್ವಲ್ಪ ಜರುಗುತ್ತದೆ.